ಬೂದಿದಿಬ್ಬದಿಂದ ಜೀನ್‌ವರೆಗೆ: ಹಿಣಿಲಿನ ದನಗಳ ಇತಿಹಾಸ

ಬಳ್ಳಾರಿ–ಹೊಸಪೇಟೆ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಕುಡತಿನಿ ಎಂದೊಡನೆ ಇಂದು ನೆನಪಾಗುವುದು ಉಷ್ಣ ವಿದ್ಯುತ್ ಸ್ಥಾವರ ಮತ್ತು ಕಲ್ಲಿದ್ದಲಿನ ಬೂದಿ. ಆದರೆ ಈ ಊರಿಗೆ ಇದಕ್ಕಿಂತ ಬಹಳ ಹಳೆಯ ಬೂದಿಯ ನಂಟಿದೆ. ಇಲ್ಲಿಯ ಬೂದಿದಿಬ್ಬ ನವಶಿಲಾಯುಗದ್ದು. ಅಂದರೆ ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನದು.

ಇಷ್ಟೊಂದು ಬೂದಿ ಯಾವುದರದು? ರಾಕ್ಷಸನನ್ನು ಸುಟ್ಟ ಬೂದಿ ಎಂಬುದು ಜನರ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಜ್ವಾಲಾಮುಖಿ, ಕುಲುಮೆ, ಚಿತೆ ಎಂದೆಲ್ಲ ಊಹಿಸಿದರು. ಇದು ಸಗಣಿಯ ಬೂದಿ ಎಂದು ವಾದಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದೆ ಜ್ಯೂನರ್ ಅವರ ಪ್ರಯೋಗಾಲಯ ಪರೀಕ್ಷೆಗಳು ಇದನ್ನೇ ಸಮರ್ಥಿಸಿದವು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ಆಲ್ಚಿನ್ ಅವರಿಗೆ ಬೇಲಿಯ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತವು. ಬೂದಿದಿಬ್ಬಗಳು ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರ ಫಲ ಎಂಬುದು ಹೀಗೆ ಸ್ಪಷ್ಟವಾಯಿತು.

ಆ ದನಗಳು ಹೇಗಿದ್ದವು? ಬಳ್ಳಾರಿ ಸಮೀಪದ ಕಪ್ಪಗಲ್ಲು ಬೆಟ್ಟದ ಬಂಡೆಗಳನ್ನು ನೋಡಿ. ಅಲ್ಲಿ ಕುಟ್ಟಿ ಮೂಡಿಸಿದ ಎತ್ತುಗಳಿಗೆ ಉದ್ದನೆಯ ಕೊಂಬುಗಳಿವೆ, ಹೆಗಲ ಮೇಲೆ ಹಿಣಿಲು ಇದೆ. ಯೂರೋಪಿನ ದನಗಳಿಗೆ ಹಿಣಿಲು ಇಲ್ಲ.

ತಾಯಿಯ ಡಿಎನ್‌ಎ ಹೇಳಿದ್ದು

ಹಾಗಾದರೆ ಹಿಣಿಲಿನ ದನ ಯೂರೋಪಿನ ದನದ ಒಂದು ಕವಲೇ? 1994ರಲ್ಲಿ ಲಾಫ್ಟಸ್ ಮತ್ತು ಸಂಗಡಿಗರು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ಹೋಲಿಸಿ ಉತ್ತರ ಕೊಟ್ಟರು. ಎರಡೂ ವಂಶಗಳು ಕವಲೊಡೆದು ಲಕ್ಷಾಂತರ ವರ್ಷಗಳಾಗಿವೆ. ಮನುಷ್ಯ ದನಗಳನ್ನು ಪಳಗಿಸಿದ್ದಾದರೋ ಸುಮಾರು ಹತ್ತು ಸಾವಿರ ವರ್ಷಗಳ ಈಚೆಗೆ. ಆದ್ದರಿಂದ ಈ ಎರಡು ವಂಶಗಳನ್ನು ಬೇರೆ ಬೇರೆ ಕಡೆ ಪಳಗಿಸಿರಬೇಕು. ಹಿಣಿಲಿನ ದನಗಳ ಮಟ್ಟಿಗೆ ಆ ಸ್ಥಳ ಸಿಂಧೂ ಕಣಿವೆಯ ಪ್ರದೇಶವೆಂಬ ಅಭಿಪ್ರಾಯಕ್ಕೆ 2010ರ ಅಧ್ಯಯನವೊಂದು ಬಲ ನೀಡಿತು.

ಇಂದಿನ ತಳಿಗಳು ಬಹಳ ಈಚಿನವು. ಮೈಸೂರು ಒಡೆಯರ 'ಬೆಣ್ಣೆ ಚಾವಡಿ'ಯ ದನಗಳೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎನಿಸಿದವು. ಫಿರಂಗಿ ಎಳೆಯುವ ಶಕ್ತಿ, ವೇಗ ಇವುಗಳಿಗಾಗಿ ಅವನ್ನು ಆರಿಸಿ ಬೆಳೆಸಲಾಯಿತು. ಹಾಲಿಗಾಗಿ ಆರಿಸಿದ ಜರ್ಸಿ, ಹೋಲ್‌ಸ್ಟೀನ್‌ಗಳ ದಾರಿಯೇ ಬೇರೆ.

ಅದೇ ಜೀನ್, ಬೇರೆ ಕೆಲಸ

ಪ್ರಾಣಿಯೊಂದರ ಚರ್ಮದಲ್ಲೂ ಯಕೃತ್ತಿನಲ್ಲೂ ಇರುವ ಡಿಎನ್‌ಎ ಒಂದೇ. ಆದರೆ ಎಲ್ಲಿ, ಯಾವಾಗ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂಬುದು ಬೇರೆ. ಇದೇ ಜೀನ್ ಅಭಿವ್ಯಕ್ತಿ. ಕೋಶಕ್ಕೆ ಬಿಸಿ ತಟ್ಟಿದಾಗ ಉಷ್ಣಾಘಾತ ಪ್ರೋಟೀನುಗಳ ಜೀನ್‌ಗಳು ಚುರುಕಾಗುತ್ತವೆ. ಈ ಪ್ರೋಟೀನುಗಳು ಕೋಶದ ಇತರ ಪ್ರೋಟೀನುಗಳು ಕೆಡದಂತೆ ಕಾಯುತ್ತವೆ. ಈ ಪ್ರತಿಕ್ರಿಯೆ ತಳಿಯಿಂದ ತಳಿಗೆ ಬದಲಾಗುತ್ತದೆ. ಹಿಣಿಲಿನ ದನಗಳ ಭ್ರೂಣಗಳು ಯೂರೋಪ್ ಮೂಲದವುಗಳಿಗಿಂತ ಹೆಚ್ಚು ಬಿಸಿಯನ್ನು ತಾಳಬಲ್ಲವೆಂದು ಪ್ರಯೋಗಗಳು ತೋರಿಸಿವೆ.

ಇಲ್ಲಿ ಭೌತವಿಜ್ಞಾನದ ಲೆಕ್ಕವೂ ಇದೆ. ಹಾಲು ಹೆಚ್ಚಿದಷ್ಟೂ ದನದ ದೇಹದಲ್ಲಿ ಹುಟ್ಟುವ ಶಾಖವೂ ಹೆಚ್ಚು, ಅದನ್ನು ಹೊರಹಾಕಲೇಬೇಕು. ಬಳ್ಳಾರಿಯ ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿದಾಗ ಇದು ಸುಲಭವಲ್ಲ. ಮಿಶ್ರತಳಿಯಿಂದ ಹಾಲಿನ ಆದಾಯ ಬಂದಿದೆ, ನಿಜ. ಆದರೆ ಅದರೊಡನೆ ನೆರಳು, ನೀರು, ಔಷಧಿಗಳ ಖರ್ಚೂ ರೈತನ ಮೇಲೆ ಬಿದ್ದಿದೆ.

ಬೂದಿದಿಬ್ಬದ ದನಗಳ ಡಿಎನ್‌ಎಯನ್ನೇ ನೇರವಾಗಿ ಓದಬಾರದೇ ಎಂದು ನೀವು ಕೇಳಬಹುದು. ಬಿಸಿ ಹವೆಯಲ್ಲಿ ಮೂಳೆಯೊಳಗಿನ ಡಿಎನ್‌ಎ ಬೇಗ ಚೂರಾಗುತ್ತದೆ. ಸುಟ್ಟ ಮೂಳೆಯಲ್ಲಂತೂ ಆಸೆ ಇನ್ನೂ ಕಡಿಮೆ. ಹೀಗಾಗಿ ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡಗಳಂಥ ಜೀವಂತ ತಳಿಗಳೇ ಆ ಇತಿಹಾಸದ ಮುಖ್ಯ ದಾಖಲೆ. ಅಗೆದು ಸಾಗಿಸಿದ ಬೂದಿದಿಬ್ಬವನ್ನು ಮತ್ತೆ ಕಟ್ಟಲಾಗದು. ಅಳಿದ ತಳಿಯ ಮಾತೂ ಅಷ್ಟೇ. ಮುಂದೆ ಬಿಸಿಲು ಇನ್ನೂ ಏರಿದಾಗ ನಮ್ಮ ರೈತರಿಗೆ ಬೇಕಾಗುವ ಜೀನ್‌ಗಳು ಈ ತಳಿಗಳಲ್ಲಿಯೇ ಇರಬಹುದು.