ಹಬ್ಬದ ಶುಭಾಶಯ ಕಾರ್ಡ್‌ಗೆ ಯಾವ ಆ್ಯಪ್? ಅಂಗಡಿಯವರು ಮೊದಲು ನೋಡಬೇಕಾದ್ದು ಇಷ್ಟು

ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿ, ರಾಜ್ಯೋತ್ಸವ... ಯಾವುದೇ ಇರಲಿ, ಬೆಳಗಾಗುವಷ್ಟರಲ್ಲಿ ವಾಟ್ಸ್ಆ್ಯಪ್ ತುಂಬ ಶುಭಾಶಯದ ಕಾರ್ಡ್‌ಗಳು. ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಯವರೂ ಈಗ ಅಂಗಡಿ ಹೆಸರು, ನಂಬರ್ ಹಾಕಿ ಗಿರಾಕಿಗಳಿಗೆ ಕಾರ್ಡ್ ಕಳಿಸುತ್ತಾರೆ. ಇದನ್ನು ಮಾಡಿಕೊಡುವ ಆ್ಯಪ್, ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಹೆಚ್ಚಿನವು ‘ಫ್ರೀ’ ಅಂತಲೇ ಶುರುವಾಗುತ್ತವೆ. ಆದರೆ ಕಾರ್ಡ್ ಫ್ರೀ ಇದ್ದರೂ ಖಾತೆಯಿಂದ ತಾನಾಗಿ ಕಡಿತವಾಗುವ ಹಣ, ಆ್ಯಪ್‌ನವರ ಕೈಗೆ ಹೋಗುವ ಗಿರಾಕಿಗಳ ನಂಬರ್ ಫ್ರೀ ಅಲ್ಲ. ಹಾಗಾಗಿ ಡಿಸೈನ್ ಚೆನ್ನಾಗಿದೆಯಾ ಅಂತ ನೋಡುವ ಮೊದಲು ಈ ಕೆಳಗಿನವನ್ನು ನೋಡಿಕೊಳ್ಳಿ.

ಕನ್ನಡ ಅಕ್ಷರ ಸರಿಯಾಗಿ ಬರುತ್ತಾ?

ಮೊದಲ ಪರೀಕ್ಷೆ ಇದು. ಆ್ಯಪ್ ತೆರೆದು ‘ಹಬ್ಬದ ಹಾರ್ದಿಕ ಶುಭಾಶಯಗಳು’, ‘ಕನ್ನಡ ರಾಜ್ಯೋತ್ಸವ’ ಅಂತ ಟೈಪ್ ಮಾಡಿ. ‘ಬ್ಬ’ದ ಒತ್ತಕ್ಷರ, ‘ರ್ದಿ’ಯ ಅರ್ಕಾವತ್ತು, ‘ಜ್ಯೋ’, ‘ತ್ಸ’ ಒಡೆಯದೆ ಬಂದರೆ ಆ ಆ್ಯಪ್ ಕನ್ನಡಕ್ಕೆ ಸರಿ. ಒಡೆದು ಬಂದರೆ ಫಾಂಟ್ ಬದಲಿಸಿ ನೋಡಿ. ಆಗಲೂ ಸರಿಯಾಗದಿದ್ದರೆ ಆ ಆ್ಯಪ್ ಬಿಟ್ಟುಬಿಡಿ.

ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಸಾಲನ್ನು ನೇರವಾಗಿ ತಂದು ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆನ್‌ಲೈನ್‌ನಲ್ಲಿ ನಡೆಯುವುದು ಯುನಿಕೋಡ್. ಮೊಬೈಲ್ ಕೀಬೋರ್ಡ್‌ನಲ್ಲಿ ಟೈಪ್ ಮಾಡುವುದು ಯುನಿಕೋಡ್ ಆಗಿರುವುದರಿಂದ ಅಲ್ಲಿ ಈ ತೊಂದರೆ ಇಲ್ಲ. ನಿಮಗೇ ಬೇರೆ ಫಾಂಟ್ ಬೇಕಿದ್ದರೆ ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ, ತಿರೋ ಕನ್ನಡ ಮುಂತಾದವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

‘ಫ್ರೀ ಟ್ರಯಲ್’ ಮುಗಿದ ಮೇಲೆ ಏನು?

ಫ್ರೀ ಆ್ಯಪ್‌ಗಳಲ್ಲಿ ಕಾರ್ಡ್‌ನ ಮೂಲೆಗೆ ಆ್ಯಪ್‌ನ ಗುರುತು ಬೀಳುವುದು ಸಾಮಾನ್ಯ. ಅದನ್ನು ತೆಗೆಯಬೇಕಾದರೆ ದುಡ್ಡು. ‘7 ದಿನ ಫ್ರೀ’ ಅಂತ ಒತ್ತಿ ಯುಪಿಐ ಪಿನ್ ಹಾಕಿದಿರೋ, ಅಲ್ಲಿಗೆ ‘ಆಟೋಪೇ’ಗೆ ಒಪ್ಪಿಗೆ ಕೊಟ್ಟಂತೆ. ಲೆಕ್ಕ ಹಾಕಿ: ವಾರಕ್ಕೆ 99 ರೂಪಾಯಿ ಅಂದರೆ ಸಣ್ಣದಾಗಿ ಕಾಣುತ್ತದೆ, 52 ವಾರಕ್ಕೆ 5,148 ರೂಪಾಯಿ! ವರ್ಷಕ್ಕೆ ಐದಾರು ಕಾರ್ಡ್ ಮಾಡುವವರಿಗೆ ಇದು ದಂಡ.

ಗಮನಿಸಿ, ಆ್ಯಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಒತ್ತಿ, ‘ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಹೋಗಿ ರದ್ದು ಮಾಡಬೇಕು. ಯುಪಿಐ ಆ್ಯಪ್‌ನಲ್ಲೂ ‘ಆಟೋಪೇ’ ವಿಭಾಗ ತೆರೆದು ನೋಡಿ. ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲೇ ಗ್ರಾಹಕರಿಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜ್ ಬಂದಾಗ ಓದದೆ ಅಳಿಸಬೇಡಿ.

ಕಾಂಟ್ಯಾಕ್ಟ್ಸ್ ಯಾಕೆ ಕೇಳುತ್ತೆ?

ಕಾರ್ಡ್ ಮಾಡುವ ಆ್ಯಪ್‌ಗೆ ಬೇಕಿರುವುದು ನಿಮ್ಮ ಲೋಗೊ ಅಥವಾ ಫೋಟೊ ಮಾತ್ರ. ನಿಮ್ಮ ಕಾಂಟ್ಯಾಕ್ಟ್ಸ್, ಎಸ್ಎಂಎಸ್, ಲೊಕೇಶನ್ ಯಾವುದೂ ಅದಕ್ಕೆ ಬೇಡ. ಎಸ್ಎಂಎಸ್ ಓದಲು ಬಿಟ್ಟರೆ ಬ್ಯಾಂಕಿನ ಒಟಿಪಿಯೂ ಅದಕ್ಕೆ ಕಾಣುತ್ತದೆ. ಅನುಮತಿ ಕೇಳಿದಾಗ ‘ಬೇಡ’ ಅನ್ನಿ. ಕೊಡದಿದ್ದರೆ ಆ್ಯಪ್ ನಡೆಯುವುದೇ ಇಲ್ಲ ಅಂದರೆ, ಬೇರೆ ಆ್ಯಪ್ ಹುಡುಕಿ. ಗಿರಾಕಿಗಳು ನಂಬರ್ ಕೊಟ್ಟಿರುವುದು ನಿಮ್ಮನ್ನು ನಂಬಿ.

ಸೈಜ್ ಮತ್ತು ಕಳಿಸುವ ರೀತಿ

ವಾಟ್ಸ್ಆ್ಯಪ್ ಸ್ಟೇಟಸ್‌ಗೆ 1080×1920 ಪಿಕ್ಸೆಲ್‌ನ ಉದ್ದನೆಯ ಕಾರ್ಡ್, ಗ್ರೂಪ್‌ಗೆ 1080×1080ರ ಚೌಕ ಸಾಕು. ಅಂಗಡಿ ಮುಂದೆ ಎ4 ಹಾಳೆಯಲ್ಲಿ ಪ್ರಿಂಟ್ ಅಂಟಿಸಬೇಕಾದರೆ 2480×3508 ಇರಲಿ. ಇಲ್ಲಾಂದ್ರೆ ಅಕ್ಷರ ಮಸುಕಾಗುತ್ತೆ. ಕಳಿಸುವಾಗ ‘ಎಚ್‌ಡಿ’ ಒತ್ತಿ, ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಅಂತ ಬಿಲ್ ಕೊಡುವಾಗಲೇ ಒಂದು ಮಾತು ಹೇಳಿ.

ಕಾರ್ಡ್ ಮೇಲೆ ಏನು ಬೇಡ?

ಆಗಸ್ಟ್ 15, ಜನವರಿ 26ರ ಕಾರ್ಡ್‌ನಲ್ಲಿ ರಾಷ್ಟ್ರಧ್ವಜದ ಮೇಲೆ ಅಂಗಡಿ ಹೆಸರು ಬರೆಯಬೇಡಿ. ಧ್ವಜದ ಮೇಲೆ ಬರಹ ಹಾಕುವುದಕ್ಕೆ 1971ರ ರಾಷ್ಟ್ರ ಗೌರವ ಕಾಯ್ದೆಯಲ್ಲಿ ನಿಷೇಧವಿದೆ, ಧ್ವಜದ ಚಿತ್ರಕ್ಕೂ ಅದು ಅನ್ವಯ. ಹೆಸರು ಧ್ವಜದಿಂದ ದೂರ, ಕೆಳಗೆ ಬೇರೆ ಪಟ್ಟಿಯಲ್ಲಿ ಇರಲಿ. ಸಿನಿಮಾ ನಟರ ಫೋಟೊ ಹಾಕಿ ಅಂಗಡಿ ಪ್ರಚಾರ ಮಾಡುವುದೂ ಬೇಡ, ಅನುಮತಿ ಇಲ್ಲದಿದ್ದರೆ ತಕರಾರು ಬರಬಹುದು.

ಬಂದ ಕಾರ್ಡ್ ತೆರೆಯುವ ಮುನ್ನ

ಕಾರ್ಡ್ ಅಂದರೆ ಚಿತ್ರ, ವಿಡಿಯೊ ಅಥವಾ ಪಿಡಿಎಫ್. ಫೈಲ್ ಹೆಸರಿನ ಕೊನೆಗೆ ಎ-ಪಿ-ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕಾರ್ಡೇ ಅಲ್ಲ, ಫೋನಿಗೆ ಇಳಿಯುವ ಆ್ಯಪ್. ಮದುವೆ ಆಮಂತ್ರಣದ ಹೆಸರಲ್ಲಿ ಇಂಥ ಫೈಲ್ ಕಳಿಸಿ ಖಾತೆ ಖಾಲಿ ಮಾಡುವ ವಂಚನೆ ನಡೆಯುತ್ತಿದೆ. ಪರಿಚಯದವರ ನಂಬರ್‌ನಿಂದ ಬಂದರೂ ತೆರೆಯಬೇಡಿ, ಅವರ ಫೋನೇ ವಂಚಕರ ಕೈಯಲ್ಲಿರಬಹುದು. ಫೋನ್ ಮಾಡಿ ಕೇಳಿ. ‘ಹಬ್ಬದ ಉಡುಗೊರೆ ಗೆಲ್ಲಿ’ ಎನ್ನುವ ಲಿಂಕ್‌ಗೂ ಇದೇ ಎಚ್ಚರ ಇರಲಿ.

ಅಕಸ್ಮಾತ್ ಇನ್‌ಸ್ಟಾಲ್ ಆಗಿಹೋದರೆ ತಕ್ಷಣ ನೆಟ್ ಆಫ್ ಮಾಡಿ, ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಕೊನೆಗೆ, ಯಾರಿಗೆ ಯಾವುದು?

ವರ್ಷಕ್ಕೆ ನಾಲ್ಕೈದು ಕಾರ್ಡ್ ಸಾಕು ಎನ್ನುವವರಿಗೆ ಕ್ಯಾನ್ವಾದಂಥ ಡಿಸೈನ್ ಸೇವೆಯ ಉಚಿತ ಆವೃತ್ತಿಯೇ ಸಾಕು. ವಾರವಾರ ಆಫರ್ ಹಾಕುವವರು ದುಡ್ಡಿನ ಪ್ಲಾನ್ ತಗೊಳ್ಳಬಹುದು, ಮೊದಲು ಒಂದು ತಿಂಗಳಿಗಷ್ಟೇ ತಗೊಂಡು ನೋಡಿ. ಮೊಬೈಲ್‌ನಲ್ಲಿ ಇದೆಲ್ಲ ಆಗಲ್ಲ ಅನ್ನುವವರಿಗೆ ಊರಿನ ಡಿಟಿಪಿ ಅಂಗಡಿ ಇದ್ದೇ ಇದೆ. ಅಲ್ಲಿ ಮಾಡಿಸಿದರೆ ಜೆಪಿಜಿ ಜೊತೆಗೆ ತಿದ್ದಬಹುದಾದ ಮೂಲ ಫೈಲನ್ನೂ ಕೇಳಿ ಇಟ್ಟುಕೊಳ್ಳಿ. ಮುಂದಿನ ಹಬ್ಬಕ್ಕೆ ಎರಡು ಸಾಲು ಬದಲಿಸಿದರೆ ಕೆಲಸ ಮುಗಿಯಿತು.