ಯಾರನ್ನೂ ಕೊಲ್ಲದ ಕಿಲ್

ನ್ಯೂಜೆರ್ಸಿಯ ಎಡಿಸನ್ನಿನಿಂದ ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡಿಗೆ ಹೋಗುವಾಗ ನಾವು ಪರ್ತ್ ಆಂಬಾಯ್ ಬಳಿ ಔಟರ್‌ಬ್ರಿಡ್ಜ್ ಕ್ರಾಸಿಂಗ್ ಸೇತುವೆ ಹತ್ತುತ್ತೇವೆ. ಕೆಳಗಿನ ನೀರಿನ ಹೆಸರು ಆರ್ಥರ್ ಕಿಲ್. ಊರಿನಿಂದ ಬಂದಿದ್ದ ನಮ್ಮ ಮಾವ ಫೋನಿನಲ್ಲಿ ನಕ್ಷೆ ನೋಡುತ್ತಾ, "ಯಾರ್ರೀ ಈ ಆರ್ಥರ್? ಕೊಂದವರು ಸಿಕ್ಕರಾ?" ಅಂದಿದ್ದರು.

ಅಂಥ ಆರ್ಥರ್ ಇರಲೇ ಇಲ್ಲ. 1664ರಲ್ಲಿ ಇಂಗ್ಲಿಷರು ಕಿತ್ತುಕೊಳ್ಳುವ ತನಕ ಈ ಸೀಮೆ ಡಚ್ಚರದು. ಅವರ ಮಾತಿನಲ್ಲಿ ಕಿಲ್ ಅಂದರೆ ಹಳ್ಳ, ತೊರೆ. ನ್ಯೂಅರ್ಕ್ ಕೊಲ್ಲಿಯ ಆಸುಪಾಸನ್ನು ಆಖ್ಟರ್ ಕೋಲ್ ಅನ್ನುತ್ತಿದ್ದರು. ಆಖ್ಟರ್ ಅಂದರೆ ಹಿಂದಿನದು. ಅದು ಇಂಗ್ಲಿಷರ ಬಾಯಿಗೆ ಬಿದ್ದು ಆರ್ಥರ್ ಆಯಿತು. ಮಡಿಕೇರಿಯನ್ನು ಮರ್ಕೆರಾ ಮಾಡಿದವರಿಗೆ ಇದೇನು ಮಹಾ! 1928ರಲ್ಲಿ ತೆರೆದ ಸೇತುವೆಯದೂ ಅಂಥದೇ ಕತೆ. ಅದು ‘ಹೊರ ಸೇತುವೆ’ಯಲ್ಲ, ಪೋರ್ಟ್ ಅಥಾರಿಟಿಯ ಮೊದಲ ಅಧ್ಯಕ್ಷ ಯೂಜೀನಿಯಸ್ ಔಟರ್‌ಬ್ರಿಡ್ಜ್ ಅವರ ಹೆಸರಿನದು. ಕೊನೆಗೆ ಇನ್ನೊಂದು ಬ್ರಿಡ್ಜ್ ಸೇರಿಸಲು ಮನಸ್ಸಾಗದೆ ಕ್ರಾಸಿಂಗ್ ಅಂದಿರಬೇಕು.

ನ್ಯೂಅರ್ಕ್ ಬಂದರಿನ ಕಂಟೇನರ್ ಹಡಗುಗಳು ಬೇಯೋನ್ ಸೇತುವೆಯಡಿ ನುಸುಳುವ ನೀರು ಕಿಲ್ ವ್ಯಾನ್ ಕಲ್. ಹಡ್ಸನ್ ದಂಡೆಯ ಮೇಲೆ ಕ್ಯಾಟ್‌ಸ್ಕಿಲ್ ಇದೆ, ಫಿಶ್‌ಕಿಲ್ ಇದೆ. ಫಿಶ್‌ಕಿಲ್ ಅಂದರೆ ಮೀನಿನ ಹಳ್ಳ. ಅದು ಮರೆತುಹೋಗಿ ಫಿಶ್‌ಕಿಲ್ ಕ್ರೀಕ್ ಅಂದರು: ಮೀನಿನ ಹಳ್ಳದ ಹಳ್ಳ! 1996ರಲ್ಲಿ ಪ್ರಾಣಿದಯೆಯ ಪೇಟಾ ಸಂಘಟನೆ, ಈ ಹೆಸರು ಮೀನುಗಳ ಮೇಲಿನ ಕ್ರೌರ್ಯವನ್ನು ನೆನಪಿಸುತ್ತದೆ, ಬದಲಿಸಿ ಎಂದು ಕೇಳಿತು. ಊರಿನವರು ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ. ಆ ಲೆಕ್ಕದಲ್ಲಿ ನಮ್ಮ ‘ಬಂಗಾಳ ಕೊಲ್ಲಿ’ ಕೇಳಿದರೆ ಪೇಟಾದವರು ಏನನ್ನುತ್ತಿದ್ದರೋ.

ಹೆಸರಿಗೆ ತದ್ವಿರುದ್ಧವಾಗಿ ಬಾಳಿದ್ದು ಸ್ಟ್ಯಾಟನ್ ಐಲೆಂಡಿನ ಫ್ರೆಶ್ ಕಿಲ್ಸ್. ತಿಳಿನೀರಿನ ತೊರೆಗಳ ಆ ಜೌಗಿನಲ್ಲಿ 1948ರಿಂದ ನ್ಯೂಯಾರ್ಕ್ ನಗರ ಕಸ ಸುರಿಯಿತು. ಕೆಲವೇ ವರ್ಷದ ಮಾತು ಎಂದಿದ್ದರು; ನಾಲ್ಕು ಗುಡ್ಡ ಎದ್ದವು, ಅರ್ಧ ಶತಮಾನ ಕಳೆಯಿತು. ದೋಣಿಗಳಲ್ಲಿ ಬಂದ ಕಸ, ಅದರ ಮೇಲೆ ಕಡಲಕಾಗೆಗಳ ಹಿಂಡು. 2001ರ ಮಾರ್ಚಿನಲ್ಲಿ ಮುಚ್ಚಿದರು. ಆರೇ ತಿಂಗಳಿಗೆ ಮತ್ತೆ ತೆರೆಯಬೇಕಾಯಿತು: ವಿಶ್ವ ವಾಣಿಜ್ಯ ಕೇಂದ್ರದ ಅವಶೇಷಗಳನ್ನು ಅಲ್ಲಿಗೆ ತಂದು, ಜರಡಿ ಹಿಡಿದು, ಸತ್ತವರ ಗುರುತಿಗಾಗಿ ಹುಡುಕಿದರು.

ಈಗ ಗುಡ್ಡಗಳ ಮೇಲೆ ಹುಲ್ಲು ಬೆಳೆದಿದೆ. ಸುಮಾರು 2,200 ಎಕರೆಯ ಉದ್ಯಾನವಾಗಬೇಕಾದ ಜಾಗದಲ್ಲಿ ಉತ್ತರದ ಮೊದಲ ತುಂಡು 2023ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಉದ್ಯಾನದ ಹೆಸರಿನಲ್ಲಿ ಎರಡು ಪದ ಕೂಡಿಸಿ ಫ್ರೆಶ್‌ಕಿಲ್ಸ್ ಎಂದು ಒಂದೇ ಮಾಡಿದ್ದಾರೆ. ಕಿಲ್ ಅನ್ನು ಕೈಬಿಟ್ಟಿಲ್ಲ.