ಗಂಡ ನಾಪತ್ತೆಯಾದರೆ ಎಷ್ಟು ವರ್ಷ ಕಾಯಬೇಕು? 1939ರ ಒಂದು ಕಾನೂನಿನ ಕಥೆ

ಮುಸ್ಲಿಂ ಮಹಿಳೆ ಮತ್ತು ವಿಚ್ಛೇದನ ಎಂದ ಕೂಡಲೇ ನಮ್ಮಂಥ ವರದಿಗಾರರಿಗೆ ನೆನಪಾಗುವುದು ಎರಡೇ ಸಂಗತಿ. ಒಂದು 1985ರ ಶಾ ಬಾನೋ ತೀರ್ಪು, ಇನ್ನೊಂದು 2019ರ ತ್ರಿವಳಿ ತಲಾಖ್ ಕಾನೂನು. ಎರಡರಲ್ಲೂ ಬಿಡುವವನು ಗಂಡ, ಬಿಡಿಸಿಕೊಳ್ಳುವವಳು ಹೆಂಡತಿ. ಹೆಂಡತಿಯೇ ‘ಈ ಸಂಸಾರ ನನಗೆ ಸಾಕು’ ಅಂದರೆ ಏನಾಗುತ್ತದೆ ಎಂದು ನಾವು ಕೇಳುವುದು ಕಡಿಮೆ. ಆ ಪ್ರಶ್ನೆಗೆ ಉತ್ತರ ಕೊಡುವ ಕಾನೂನು ಈ ದೇಶದಲ್ಲಿ 1939ರಿಂದಲೇ ಇದೆ. ಅದರ ಹೆಸರು ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ಅದು ಹೇಗೆ ಬಂತು ಎಂಬುದನ್ನು ತಿಳಿದುಕೊಳ್ಳಬೇಕು.

ಆಗಿನ ಸ್ಥಿತಿ ಹೀಗಿತ್ತು. ಭಾರತದ ಬಹುಪಾಲು ಮುಸ್ಲಿಮರು ಹನಫಿ ಪಂಥದವರು. ಆ ಪಂಥದಲ್ಲಿ ಗಂಡ ತಲಾಖ್ ಹೇಳಬಹುದು. ಹೆಂಡತಿ ಖುಲಾ ಕೇಳಬಹುದು, ಆದರೆ ಅದಕ್ಕೆ ಗಂಡ ಒಪ್ಪಬೇಕು. ಸಾಮಾನ್ಯವಾಗಿ ಅವಳು ಮೆಹರನ್ನೂ ಬಿಟ್ಟುಕೊಡಬೇಕು. ಗಂಡ ಹೊಡೆಯುತ್ತಾನೆ, ಖರ್ಚಿಗೆ ಕೊಡುವುದಿಲ್ಲ ಎಂದು ಖಾಜಿಯ ಬಳಿಯೋ ಕೋರ್ಟಿಗೋ ಹೋದರೆ ಮದುವೆ ಮುರಿದುಕೊಡುವ ದಾರಿ ಬಹುತೇಕ ಇರಲಿಲ್ಲ.

ಗಂಡ ನಾಪತ್ತೆಯಾದರಂತೂ ಇನ್ನೂ ಕಷ್ಟ. ಅವನ ವಯಸ್ಸಿನವರೆಲ್ಲ ತೀರಿಹೋಗುವಷ್ಟು ಕಾಲ ಅವಳು ಕಾಯಬೇಕು ಎಂಬುದು ಹಳೆಯ ಹನಫಿ ನಿಯಮ. ಅದನ್ನು ಅವನಿಗೆ 90 ವರ್ಷ ತುಂಬುವ ಹೊತ್ತು ಎಂದು ಲೆಕ್ಕ ಹಾಕುತ್ತಿದ್ದರು. 25ರ ಗಂಡ ಊರು ಬಿಟ್ಟು ಹೋಗಿ ಮರಳದಿದ್ದರೆ, 20ರ ಹೆಂಡತಿ 65 ವರ್ಷ ಕಾದು ತನ್ನ 85ನೇ ವಯಸ್ಸಿನಲ್ಲಿ ಬಿಡುಗಡೆ ಪಡೆಯಬೇಕು! ಇದೇ ಪ್ರಶ್ನೆಗೆ ಮಾಲಿಕಿ ಪಂಥದ ಉತ್ತರ ನಾಲ್ಕು ವರ್ಷ. ಒಂದೇ ಧರ್ಮದೊಳಗೆ ಎರಡು ಪಂಥಗಳ ನಡುವೆ ಇಷ್ಟು ಅಂತರ.

ಈ ಕಷ್ಟ ಭಾರತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಡಸರು ದಂಡು ದಂಡಾಗಿ ಹೋದಾಗ, ಹನಫಿ ಪಂಥವನ್ನೇ ಪಾಲಿಸುತ್ತಿದ್ದ ಒಟ್ಟೋಮನ್ ಸಾಮ್ರಾಜ್ಯ 1915ರಲ್ಲೇ ಬೇರೆ ಪಂಥಗಳ ನಿಯಮ ತಂದು ಹೆಂಗಸರಿಗೆ ದಾರಿ ಮಾಡಿಕೊಟ್ಟಿತು. ಈಜಿಪ್ಟ್ 1920 ಮತ್ತು 1929ರ ಕಾನೂನುಗಳಲ್ಲಿ ಮಾಲಿಕಿ ನಿಯಮಗಳನ್ನು ತೆಗೆದುಕೊಂಡಿತು.

ಭಾರತದಲ್ಲಿ ಹಾಗೆ ಮೇಲಿನಿಂದ ಏನೂ ಬರಲಿಲ್ಲ. ಇಲ್ಲಿ ದಾರಿ ಹುಡುಕಿಕೊಂಡವರು ಹೆಂಗಸರೇ. ಪಂಡಿತರು ಬರೆದಿಟ್ಟ ಇನ್ನೊಂದು ನಿಯಮ ಅವರ ಕಣ್ಣಿಗೆ ಬಿತ್ತು. ಮದುವೆಯಾದವರಲ್ಲಿ ಒಬ್ಬರು ಇಸ್ಲಾಂ ಬಿಟ್ಟರೆ ಆ ಮದುವೆ ಅಲ್ಲಿಗೇ ಮುಗಿಯಿತು. ಬ್ರಿಟಿಷ್ ಕೋರ್ಟುಗಳೂ ಇದನ್ನು ಒಪ್ಪುತ್ತಿದ್ದವು. ಪಂಜಾಬಿನಲ್ಲಿ ಬೇಡವಾದ ಮದುವೆಯಿಂದ ಹೊರಬರಲು ಹೆಂಗಸರು ಧರ್ಮ ಬಿಟ್ಟೆವು ಎಂದು ಹೇಳತೊಡಗಿದರು. ಕವಿ ಇಕ್ಬಾಲ್ 1930ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಈ ಸಂಗತಿಯನ್ನು ಎತ್ತಿ, ಧರ್ಮವನ್ನು ಕಾಯಬೇಕಾದ ಕಾನೂನೇ ಜನರನ್ನು ಧರ್ಮದಿಂದ ಆಚೆ ತಳ್ಳಿದರೆ ಹೇಗೆ ಎಂಬ ಅರ್ಥದ ಪ್ರಶ್ನೆ ಕೇಳಿದರು.

ಹಾಗೆ ಹೊರಬಂದ ಹೆಂಗಸರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಆದರೆ ಉಲೇಮಾಗಳು ಮತ್ತೆ ಪುಸ್ತಕ ತೆರೆದು ಕೂರುವಂತೆ ಮಾಡಿದ್ದು ಅವರೇ. ದೇವಬಂದ್ ಪರಂಪರೆಯ ದೊಡ್ಡ ವಿದ್ವಾಂಸ ಅಶ್ರಫ್ ಅಲಿ ಥಾನವಿ ಮದೀನಾದ ಮಾಲಿಕಿ ಮುಫ್ತಿಗಳ ಅಭಿಪ್ರಾಯ ತರಿಸಿಕೊಂಡು, 1930ರ ದಶಕದ ಆರಂಭದಲ್ಲಿ ಒಂದು ಪುಸ್ತಕ ಬರೆದರು. ಅಸಹಾಯಕ ಹೆಂಡತಿಗೆ ಫಲಿಸುವ ಉಪಾಯ ಎಂಬುದು ಅದರ ಹೆಸರಿನ ಅರ್ಥ. ಧರ್ಮ ಬಿಟ್ಟರೆ ಮದುವೆ ಮುರಿಯುವುದಿಲ್ಲ, ಆದರೆ ಕಷ್ಟದಲ್ಲಿರುವ ಹೆಂಡತಿಗೆ ಮಾಲಿಕಿ ನಿಯಮದಂತೆ ಬಿಡುಗಡೆ ಕೊಡಬಹುದು ಎಂದು ಅವರು ಹೇಳಿದರು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದರು.

1936ರಲ್ಲಿ ಮುಹಮ್ಮದ್ ಅಹ್ಮದ್ ಕಾಜ್ಮಿ ಕೇಂದ್ರ ಶಾಸನಸಭೆಯಲ್ಲಿ ಇದೇ ಜಾಡಿನ ಮಸೂದೆ ಮಂಡಿಸಿದರು. ಕಾನೂನಿಲ್ಲದ ಕಾರಣ ಲೆಕ್ಕವಿಲ್ಲದಷ್ಟು ಹೆಂಗಸರು ಹೇಳಲಾಗದ ದುಃಖ ಅನುಭವಿಸುತ್ತಿದ್ದಾರೆ ಎಂದು ಅದರ ಉದ್ದೇಶದ ಹೇಳಿಕೆಯಲ್ಲೇ ಇತ್ತು. ಆದರೆ ಅದರ ಹಿಂದೆ ಹೆಂಗಸರ ಕಣ್ಣೀರಿನಷ್ಟೇ, ಸಮುದಾಯ ಬಿಟ್ಟು ಹೋಗುತ್ತಿದ್ದಾರಲ್ಲ ಎಂಬ ಆತಂಕವೂ ಇತ್ತು ಎಂದು ನಮಗೆ ಅನಿಸುತ್ತದೆ. ಇಂಥ ಮೊಕದ್ದಮೆಗಳನ್ನು ಮುಸ್ಲಿಂ ನ್ಯಾಯಾಧೀಶರೇ ಕೇಳಬೇಕು ಎಂಬ ಷರತ್ತು ಚರ್ಚೆಯಲ್ಲಿ ಬಿದ್ದುಹೋಯಿತು. ಇದರಿಂದ ಉಲೇಮಾಗಳು ಅಸಮಾಧಾನಗೊಂಡರು. ಆದರೂ 1939ರ ಮಾರ್ಚ್ 17ರಂದು ಕಾನೂನು ಜಾರಿಗೆ ಬಂತು.

ಅದರಲ್ಲಿ ಏನಿದೆ ಎಂದು ನೋಡಿ. ಗಂಡ ನಾಲ್ಕು ವರ್ಷ ನಾಪತ್ತೆಯಾಗಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾಗಿದ್ದರೆ, ಸರಿಯಾದ ಕಾರಣವಿಲ್ಲದೆ ಮೂರು ವರ್ಷ ಸಂಸಾರದ ಕರ್ತವ್ಯ ಬಿಟ್ಟಿದ್ದರೆ ಹೆಂಡತಿ ಕೋರ್ಟಿಗೆ ಹೋಗಬಹುದು. 15 ತುಂಬುವ ಮೊದಲು ಹಿರಿಯರು ಮಾಡಿದ ಮದುವೆಯನ್ನು, ದಾಂಪತ್ಯ ಶುರುವಾಗಿರದಿದ್ದರೆ, 18 ತುಂಬುವುದರೊಳಗೆ ಹುಡುಗಿ ನಿರಾಕರಿಸಬಹುದು. ಕ್ರೌರ್ಯವೂ ಒಂದು ಕಾರಣ. ಕ್ರೌರ್ಯ ಎಂದರೆ ಹೊಡೆತ ಮಾತ್ರವಲ್ಲ. ಅವಳ ಆಸ್ತಿ ಮಾರುವುದು, ಅವಳ ಪ್ರಾರ್ಥನೆಗೆ ಅಡ್ಡಿ ಮಾಡುವುದು, ಇಬ್ಬರು ಹೆಂಡಿರಿದ್ದರೆ ಸಮನಾಗಿ ನೋಡದಿರುವುದು ಕೂಡ ಕ್ರೌರ್ಯವೇ. ಈ ಕಾನೂನಿನಡಿ ಬಿಡುಗಡೆ ಪಡೆದವಳ ಮೆಹರ್ ಹಕ್ಕಿಗೆ ಧಕ್ಕೆಯಿಲ್ಲ. ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ ಎಂಬ ಮಾತೂ ಇದೇ ಕಾನೂನಿನ 4ನೇ ಸೆಕ್ಷನ್ನಿನಲ್ಲಿದೆ. ಎಷ್ಟು ಕೊಟ್ಟರು, ಏನನ್ನು ಹಿಂದಕ್ಕೆ ಪಡೆದರು ಎಂಬುದು ಹೀಗೆ ಒಂದೇ ಕಡೆ ಕಾಣುತ್ತದೆ.

ದೇಶ ಒಡೆದ ಮೇಲೂ ಈ ಕಾನೂನು ಭಾರತ ಮತ್ತು ಪಾಕಿಸ್ತಾನದಲ್ಲಿ ಉಳಿಯಿತು. ಬಾಂಗ್ಲಾದೇಶದಲ್ಲೂ ಇದೆ. ಪಾಕಿಸ್ತಾನ 1961ರಲ್ಲಿ ಮತ್ತೊಂದು ಕಾರಣ ಸೇರಿಸಿತು: ನಿಯಮ ಮೀರಿ ಇನ್ನೊಂದು ಮದುವೆಯಾದರೆ ಮೊದಲ ಹೆಂಡತಿ ಬಿಡುಗಡೆ ಕೇಳಬಹುದು. ಗಂಡನ ಕುಷ್ಠರೋಗವೂ ಒಂದು ಕಾರಣವೆಂದು ಭಾರತದ ಕಾನೂನಿನಲ್ಲಿತ್ತು, ಅದನ್ನು 2019ರಲ್ಲಿ ತೆಗೆದುಹಾಕಿದರು. ತ್ರಿವಳಿ ತಲಾಖ್ ಸುದ್ದಿ ಬರೆದ ಅದೇ ವರ್ಷ ಈ ಬದಲಾವಣೆಯನ್ನು ನಮ್ಮಲ್ಲಿ ಯಾರೂ ಬರೆದ ನೆನಪಿಲ್ಲ.

ನಮ್ಮ ರಾಜ್ಯದ ವಿಷಯಕ್ಕೆ ಬಂದರೆ, ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಪಂಥದವರು, ಒಳನಾಡಿನಲ್ಲಿ ಹೆಚ್ಚಿನವರು ಹನಫಿಗಳು. 1939ರ ಕಾನೂನು ಇಬ್ಬರಿಗೂ ಒಂದೇ. ಆದರೆ ಕಾನೂನು ಇರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕರೆದುಕೊಂಡು ಮಸೀದಿಯ ಅಂಗಳದಲ್ಲಿ ನ್ಯಾಯ ಕೇಳುತ್ತಾಳೆ. ಗಿರೀಶ್ ಕಾಸರವಳ್ಳಿ ಇದನ್ನೇ ‘ಹಸೀನಾ’ ಸಿನಿಮಾ ಮಾಡಿದರು. ಎರಡು ವರ್ಷ ಜೀವನಾಂಶ ಕೊಡದಿದ್ದರೆ ಸಾಕು ಎನ್ನುವ ಕಾನೂನಿರುವ ದೇಶದಲ್ಲೂ ಬಡ ಹೆಂಗಸಿಗೆ ಮೊದಲು ಕಾಣುವುದು ಮುತವಲ್ಲಿಯ ಬಾಗಿಲೇ. ಕೋರ್ಟಿಗೆ ಹೋದರೂ ಎಲ್ಲವನ್ನೂ ಅವಳೇ ಸಾಬೀತು ಮಾಡಬೇಕು. ಬಸ್ ಚಾರ್ಜು, ಹೋಗುವ ಕೂಲಿ, ಮುಂದೂಡುವ ತಾರೀಖು ಬೇರೆ.

ಹಾಗಾಗಿ ನಮ್ಮ ಓದುಗರಲ್ಲಿ ಒಂದು ವಿನಂತಿ. ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅರ್ಜಿ ಕೊಡಬೇಕಾದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ನಿಮ್ಮ ಬೀದಿಯಲ್ಲಿ ಗಂಡನ ಸುದ್ದಿಯಿಲ್ಲದೆ ವರ್ಷಗಟ್ಟಲೆ ಕಾಯುತ್ತಿರುವವರು ಇದ್ದರೆ, ಕಾನೂನು ಕೇಳುವುದು ನಾಲ್ಕೇ ವರ್ಷ ಎಂದು ಅವರಿಗೆ ತಿಳಿಸಿ.